ಜನರಲ್ ವೇಯ್ನ್ ಪತ್ರಗಳು ಎಲ್ಲಿ ಹೋದವು?
1794ರ ಸುಮಾರಿನಲ್ಲಿ ಅಮೆರಿಕದ ಸೇನೆಯ ಮುಖ್ಯಸ್ಥನಾಗಿದ್ದ ಜನರಲ್ ಆಂಟನಿ ವೇಯ್ನ್ ಯುದ್ಧ ಇಲಾಖೆಗೆ ಬರೆದ ಪತ್ರಗಳು ಅಮೆರಿಕದ ಸರ್ಕಾರಿ ಕಡತದಲ್ಲಿ ಯಾಕಿಲ್ಲ ಅಂತ ಕೇಳಿದ್ದೀರಲ್ಲ, ಬೆಂಕಿಯೇ ಕಾರಣ. 1800ರ ನವೆಂಬರ್ 8ರಂದು ವಾಷಿಂಗ್ಟನ್‌ನಲ್ಲಿ ಇಲಾಖೆಯ ಕಚೇರಿಗೆ ಬೆಂಕಿ ಬಿದ್ದು, ಅಲ್ಲಿದ್ದ ಕಾಗದಪತ್ರ ಹೆಚ್ಚುಕಮ್ಮಿ ಪೂರ್ತಿ ಬೂದಿಯಾಯಿತು. ಆದರೆ ಪತ್ರಕ್ಕೆ ಎರಡು ಕಡೆ ಇರುತ್ತದೆ ಅಲ್ವಾ? ವೇಯ್ನ್ ತಾನು ಬರೆದದ್ದರ ನಕಲು ಇಟ್ಟುಕೊಂಡಿದ್ದ, ಯುದ್ಧ ಇಲಾಖೆಯ ಕಾರ್ಯದರ್ಶಿ, ಅಂದರೆ ಮಂತ್ರಿ, ಹೆನ್ರಿ ನಾಕ್ಸ್‌ನಿಂದ ಬಂದದ್ದನ್ನೂ ಎತ್ತಿಟ್ಟಿದ್ದ. ಆ ಸಂಗ್ರಹದ ದೊಡ್ಡ ಪಾಲು ಫಿಲಡೆಲ್ಫಿಯಾದ ಹಿಸ್ಟಾರಿಕಲ್ ಸೊಸೈಟಿ ಆಫ್ ಪೆನ್ಸಿಲ್ವೇನಿಯಾದಲ್ಲಿದೆ. ಅಷ್ಟು ದೂರ ಹೋಗಬೇಕಿಲ್ಲ, ಇಂಥ ನಕಲುಗಳನ್ನೇ ಹುಡುಕಿ ಸುಟ್ಟ ಕಡತವನ್ನು ಮತ್ತೆ ಜೋಡಿಸಿರುವ 'ಪೇಪರ್ಸ್ ಆಫ್ ದ ವಾರ್ ಡಿಪಾರ್ಟ್‌ಮೆಂಟ್' ಆನ್‌ಲೈನ್‌ನಲ್ಲೇ ಉಚಿತವಾಗಿ ಸಿಗುತ್ತದೆ. ಅಮೆರಿಕದ ಮೂಲನಿವಾಸಿ ಬುಡಕಟ್ಟುಗಳ ಒಕ್ಕೂಟವನ್ನು ವೇಯ್ನ್ ಸೋಲಿಸಿದ ಫಾಲನ್ ಟಿಂಬರ್ಸ್ ಕದನದ ಬಗ್ಗೆ ಅವನು 1794ರ ಆಗಸ್ಟ್ 28ರಂದು ನಾಕ್ಸ್‌ಗೆ ಬರೆದ ವರದಿಯನ್ನು ಮೊದಲು ಓದಿ. ಆಮೇಲೆ ರೇಷನ್, ಬಟ್ಟೆಯ ಗೋಳಿನ ಪತ್ರಗಳು. ನನಗಂತೂ ಅವೇ ಜಾಸ್ತಿ ಇಷ್ಟ.