ಬಾಣಂತಿಗೆ ಸಬ್ಬಸಿಗೆ ಸೊಪ್ಪು: ಹಾಲು ಹೆಚ್ಚುತ್ತದೆಯೇ, ಮಗುವಿಗೆ ಬೀಜದ ನೀರು ಹಾಕಬಹುದೇ?

ಹೆರಿಗೆಯಾಗಿ ಮೂರು ವಾರವಾಗಿದೆ, ಚಿತ್ರದುರ್ಗದ ತವರಿನಲ್ಲಿ ಬಾಣಂತನ ನಡೆದಿದೆ, ಎರಡು ಹೊತ್ತೂ ಸಬ್ಬಸಿಗೆ ಪಲ್ಯವೇ, ಬೇರೆ ಸೊಪ್ಪು, ತರಕಾರಿ, ಹಣ್ಣು ಯಾವುದೂ ಇಲ್ಲ ಎಂದು ಬರೆದಿದ್ದೀರಿ. ಸಬ್ಬಸಿಗೆಯಿಂದ ನಿಜಕ್ಕೂ ಹಾಲು ಹೆಚ್ಚುತ್ತದೆಯೇ, ಹೊಟ್ಟೆಯ ವಾಯು ಹೋಗುತ್ತದೆಯೇ, ರಾತ್ರಿಯೆಲ್ಲ ಅಳುವ ಮಗುವಿಗೆ ಅದರ ಬೀಜ ಕುದಿಸಿದ ನೀರನ್ನು ಒಂದು ಚಮಚ ಹಾಕಬಹುದೇ ಎಂಬುದು ನಿಮ್ಮ ಪ್ರಶ್ನೆ.

ನಾನು ದಾವಣಗೆರೆಯವಳು. ಹರಿಹರ, ಮಲೇಬೆನ್ನೂರು ಕಡೆಯ ಹಳ್ಳಿಗಳಲ್ಲಿ ಬಹಳ ವರ್ಷ ನರ್ಸಮ್ಮನಾಗಿ ಕೆಲಸ ಮಾಡಿ ಈಗ ನಿವೃತ್ತಿಯಾಗಿದ್ದೇನೆ. ಬಾಣಂತಿಯರ ಕೋಣೆಗೆ ಹೋಗಿ, ಹಾಸಿಗೆ ಪಕ್ಕ ಕೂತು, ತಟ್ಟೆಯಲ್ಲಿ ಏನಿದೆ ಎಂದು ನೋಡುವುದೇ ನನ್ನ ಕೆಲಸದ ದೊಡ್ಡ ಪಾಲಾಗಿತ್ತು. ಹಾಗಾಗಿ ಮೊದಲೇ ಹೇಳಿಬಿಡುತ್ತೇನಮ್ಮ: ಸೊಪ್ಪನ್ನು ಧಾರಾಳವಾಗಿ ತಿನ್ನಿ. ಬೀಜದ ನೀರನ್ನು ಮಗುವಿನ ಬಾಯಿಗೆ ಹಾಕಬೇಡಿ. ನನಗೆ ಚಿಂತೆಯಾಗಿರುವುದು ಸಬ್ಬಸಿಗೆಯ ಬಗ್ಗೆ ಅಲ್ಲ, ಅದೊಂದನ್ನು ಇಟ್ಟುಕೊಂಡು ಮಿಕ್ಕ ಎಲ್ಲವನ್ನೂ ಬಿಡಿಸಿರುವ ಪಥ್ಯದ ಬಗ್ಗೆ.

ಸಬ್ಬಸಿಗೆ ಒಳ್ಳೆಯ ಸೊಪ್ಪು. ಕೊತ್ತಂಬರಿ, ಜೀರಿಗೆ, ಓಮ, ಸೋಂಪು, ಗಜ್ಜರಿ, ಇಂಗಿನ ಗಿಡ, ಇವೆಲ್ಲ ಇರುವ ಕುಟುಂಬದ್ದೇ ಅದೂ. ನೂರು ಗ್ರಾಂ ಹಸಿ ಸೊಪ್ಪಿನಲ್ಲಿ ಸುಮಾರು 6.6 ಮಿಲಿಗ್ರಾಂ ಕಬ್ಬಿಣ, 200 ಮಿಲಿಗ್ರಾಂ ಮೇಲ್ಪಟ್ಟು ಕ್ಯಾಲ್ಸಿಯಂ, 85 ಮಿಲಿಗ್ರಾಂನಷ್ಟು ಸಿ ವಿಟಮಿನ್, 150 ಮೈಕ್ರೋಗ್ರಾಂ ಫೋಲೇಟ್ ಇರುತ್ತದೆ. ಇಷ್ಟು ಅಗ್ಗದ ಸೊಪ್ಪಿಗೆ ಇದು ಬಹಳ ಒಳ್ಳೆಯ ಲೆಕ್ಕ. ಆದರೆ ನೂರು ಗ್ರಾಂ ಯಾರೂ ಒಬ್ಬರೇ ತಿನ್ನುವುದಿಲ್ಲ. ಬೇರು, ದಪ್ಪ ಕಾಂಡ ತೆಗೆದು ಬೇಳೆಯ ಜೊತೆ ಪಲ್ಯ ಮಾಡಿದರೆ ನಿಮ್ಮ ಪಾಲಿಗೆ ಮೂವತ್ತು, ನಲವತ್ತು ಗ್ರಾಂ ಬರಬಹುದು. ಅಂದರೆ ಎರಡು ಮಿಲಿಗ್ರಾಂ ಚಿಲ್ಲರೆ ಕಬ್ಬಿಣ. ಸೊಪ್ಪಿನ ಕಬ್ಬಿಣವನ್ನು ನಮ್ಮ ದೇಹ ಪೂರ್ತಿ ಹೀರಿಕೊಳ್ಳುವುದೂ ಇಲ್ಲ, ಸ್ವಲ್ಪ ಭಾಗ ಮಾತ್ರ ರಕ್ತಕ್ಕೆ ಸೇರುತ್ತದೆ. ಹೆರಿಗೆಯಲ್ಲಿ ರಕ್ತ ಹೋಗಿರುತ್ತದೆ. ಅದಕ್ಕೇ ಸರ್ಕಾರ ಹೆರಿಗೆಯ ನಂತರವೂ 180 ದಿನ ಕಬ್ಬಿಣದ ಮಾತ್ರೆ ಕೊಡುವುದು. ಒಂದೊಂದು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಇರುತ್ತದೆ. "ದಿನಾ ಸಬ್ಬಸಿಗೆ ತಿನ್ತಾಳಲ್ಲ, ಮಾತ್ರೆ ಯಾಕೆ" ಎಂದು ಡಬ್ಬಿಯನ್ನು ಗೂಡಿನಲ್ಲಿಟ್ಟು ಮರೆತ ಮನೆಗಳನ್ನು ನೋಡಿದ್ದೇನೆ. ನಿಮ್ಮ ಮನೆಯಲ್ಲಿ ಹಾಗಾಗಿದ್ದರೆ ಇವತ್ತೇ ಹೊರಗೆ ತೆಗೆಯಿರಿ. ಕ್ಯಾಲ್ಸಿಯಂ ಮಾತ್ರೆಯೂ ಇದ್ದರೆ ಎರಡನ್ನೂ ಒಟ್ಟಿಗೆ ನುಂಗಬೇಡಿ, ಎರಡು ಗಂಟೆಯಾದರೂ ಅಂತರ ಇರಲಿ.

ಪಲ್ಯ ಇಳಿಸಿದ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿಕೊಳ್ಳಿ. ಕುದಿಸುವಾಗ ಸೊಪ್ಪಿನ ಸಿ ವಿಟಮಿನ್ ಬಹಳಷ್ಟು ಹಾಳಾಗುತ್ತದೆ, ನಿಂಬೆ ಅದನ್ನು ತುಂಬಿಕೊಟ್ಟು ಕಬ್ಬಿಣ ಒಳಗೆ ಸೇರಲು ನೆರವಾಗುತ್ತದೆ. ಹುಳಿ ತಿಂದರೆ ಮಗುವಿಗೆ ಶೀತ ಎಂದು ಅಮ್ಮ ತಡೆಯಬಹುದು. ನಿಮ್ಮ ಹೊಟ್ಟೆಗೆ ಹೋದ ನಿಂಬೆಹುಳಿ ಹುಳಿಯಾಗಿಯೇ ಎದೆಹಾಲಿಗೆ ಇಳಿಯುವುದಿಲ್ಲ. ಊಟದ ಬೆನ್ನಿಗೇ ಚಹಾ, ಕಾಫಿ ಕುಡಿಯುವ ರೂಢಿ ಇದ್ದರೆ ಅದನ್ನು ಮಾತ್ರ ಒಂದು ಗಂಟೆ ಮುಂದೂಡಿ, ಅವು ಕಬ್ಬಿಣವನ್ನು ತಡೆಯುತ್ತವೆ.

ಇನ್ನು ಹಾಲಿನ ವಿಷಯ. ಸಬ್ಬಸಿಗೆ ಹಾಲು ಹೆಚ್ಚಿಸುತ್ತದೆ ಎಂಬ ನಂಬಿಕೆ ನಮ್ಮಲ್ಲಷ್ಟೇ ಅಲ್ಲ, ಮಹಾರಾಷ್ಟ್ರದಲ್ಲೂ ಇದೆ, ಪರ್ಷಿಯಾದ ಕಡೆಯೂ ಇದೆ. ನಂಬಿಕೆಗೆ ತಕ್ಕ ಗಟ್ಟಿ ಪುರಾವೆ ಇಲ್ಲ. ಹಾಲು ಬರುವುದು ಬೇರೆ ದಾರಿಯಿಂದ. ಮಗು ಚೀಪಿ ಎದೆ ಖಾಲಿ ಮಾಡಿದಷ್ಟೂ ಮೆದುಳು ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನನ್ನು ಬಿಡುತ್ತದೆ, ಹಾಲು ಮತ್ತೆ ತುಂಬುತ್ತದೆ. ಎದೆಯಲ್ಲಿ ಹಾಲು ನಿಂತೇ ಇದ್ದರೆ ಉತ್ಪತ್ತಿ ಕಡಿಮೆಯಾಗುತ್ತದೆ. ರಾತ್ರಿ ಆ ಹಾರ್ಮೋನು ಹೆಚ್ಚಿರುತ್ತದೆ, ಅದಕ್ಕೇ ರಾತ್ರಿ ಕುಡಿಸುವುದನ್ನು ತಪ್ಪಿಸಬಾರದು ಎನ್ನುವುದು. ಇಪ್ಪತ್ತನಾಲ್ಕು ಗಂಟೆಯಲ್ಲಿ 8ರಿಂದ 12 ಸಲ ಕುಡಿಸಬೇಕು. ಮಗುವಿನ ಬಾಯಿ ಮೊಲೆತೊಟ್ಟನ್ನು ಮಾತ್ರ ಕಚ್ಚದೆ ಸುತ್ತಲಿನ ಕಪ್ಪು ಭಾಗದ ಬಹುಪಾಲನ್ನು ಒಳಗೆ ತೆಗೆದುಕೊಂಡಿರಬೇಕು. ನೋವಾಗುತ್ತಿದ್ದರೆ ಕಚ್ಚಿಕೊಂಡಿರುವುದು ಸರಿಯಿಲ್ಲ ಎಂದೇ ತಿಳಿಯಿರಿ. ಕಿರುಬೆರಳನ್ನು ಬಾಯಿಯ ಮೂಲೆಗೆ ಹಾಕಿ ಬಿಡಿಸಿ, ಮತ್ತೆ ಹಚ್ಚಿ. ಇದನ್ನು ಒಂದು ಸಲ ಕೂತು ಕಲಿಸಿದರೆ, ಹಾಲಿಲ್ಲ ಎಂದು ಅಳುತ್ತಿದ್ದ ಎಷ್ಟೋ ಹುಡುಗಿಯರಿಗೆ ಎರಡು ಮೂರು ದಿನದಲ್ಲೇ ಸಾಕಷ್ಟು ಹಾಲು ಬಂದಿದೆ.

ಹಾಲು ಸಾಕಾಗುತ್ತಿದೆಯೇ ಎಂದು ಎದೆ ಮುಟ್ಟಿ ನೋಡಿ ಗೊತ್ತಾಗುವುದಿಲ್ಲ, ಮಗುವಿನ ಬಟ್ಟೆ ನೋಡಬೇಕು. ದಿನಕ್ಕೆ ಆರಕ್ಕಿಂತ ಹೆಚ್ಚು ಸಲ ಉಚ್ಚೆ ಹೊಯ್ಯುತ್ತಿದ್ದರೆ, ತೂಕ ಏರುತ್ತಿದ್ದರೆ, ಸಾಕಾಗುತ್ತಿದೆ. ಹುಟ್ಟಿದ ಮೊದಲ ದಿನಗಳಲ್ಲಿ ಇಳಿದ ತೂಕ ಸಾಮಾನ್ಯವಾಗಿ ಎರಡು ವಾರದೊಳಗೆ ಮರಳಿ ಬರುತ್ತದೆ. ನಿಮಗೆ ಮೂರು ವಾರವಾಯಿತಲ್ಲ, ಇನ್ನೂ ತೂಗಿಸಿಲ್ಲವಾದರೆ ಅಂಗನವಾಡಿಯಲ್ಲಿ ತೂಗಿಸಿ ತಾಯಿ ಕಾರ್ಡಿನಲ್ಲಿ ಬರೆಸಿ.

ಹಾಗಂತ ನಿಮ್ಮ ಅಮ್ಮನ ಪಲ್ಯ ವ್ಯರ್ಥ ಎಂದು ನಾನು ಖಂಡಿತ ಹೇಳುವುದಿಲ್ಲ. ಹಾಲು ಕೊಡುವ ತಾಯಿಗೆ ಮೊದಲಿಗಿಂತ ಹೆಚ್ಚು ಅನ್ನಾಹಾರ ಬೇಕು. ಬಿಸಿಯಾಗಿ, ಮೃದುವಾಗಿ, ಬೇಳೆ ತುಪ್ಪ ಬೆಳ್ಳುಳ್ಳಿ ಹಾಕಿ ಮಾಡಿದ ಪಲ್ಯವನ್ನು ಹೊತ್ತಿಗೆ ಸರಿಯಾಗಿ ಯಾರೋ ತಂದು ಮುಂದಿಡುವುದು ಬಾಣಂತಿಗೆ ದೊಡ್ಡ ಬಲ. ಬೆಳ್ಳುಳ್ಳಿಯ ಬಗ್ಗೆ ಒಂದು ಮಾತು ಹೇಳಲೇಬೇಕು. 1991ರಲ್ಲಿ ಅಮೆರಿಕದಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಹಾಲೂಡಿಸುವ ತಾಯಂದಿರು ಬೆಳ್ಳುಳ್ಳಿ ತೆಗೆದುಕೊಂಡರೆ ಒಂದೆರಡು ಗಂಟೆಯಲ್ಲಿ ಎದೆಹಾಲಿಗೂ ಆ ವಾಸನೆ ಬರುತ್ತದೆ, ಆಗ ಕೂಸುಗಳು ಮುಖ ತಿರುಗಿಸುವ ಬದಲು ಇನ್ನೂ ಹೆಚ್ಚು ಹೊತ್ತು ಎದೆ ಕಚ್ಚಿಕೊಂಡಿರುತ್ತವೆ ಎಂದು ಅದರಲ್ಲಿ ಕಂಡುಬಂತು. ಘಮ್ಮೆನ್ನುವ ಪಲ್ಯ ತಿಂದರೆ ಮಗು ಹಾಲು ಬಿಡುತ್ತದೆ ಎಂದು ಹೆದರುವವರಿಗೆ ನಾನು ಇದನ್ನು ಹೇಳುತ್ತಿದ್ದೆ.

ವಾಯುವಿನ ಮಾತಿನಲ್ಲಿ ಹುರುಳಿದೆ, ಆದರೆ ಅದು ಸೊಪ್ಪಿಗಿಂತ ಬೀಜಕ್ಕೆ ಸೇರಿದ್ದು. ಸೊಪ್ಪಿನ ಮತ್ತು ಬೀಜದ ವಾಸನೆ ಬೇರೆ ಬೇರೆ ಎಂಬುದನ್ನು ಗಮನಿಸಿದ್ದೀರಾ? ಬೀಜದಲ್ಲಿ ನೂರಕ್ಕೆ 2ರಿಂದ 4 ಭಾಗದಷ್ಟು ಸುವಾಸನೆಯ ಎಣ್ಣೆ ಇರುತ್ತದೆ, ಎಳೆ ಸೊಪ್ಪಿನಲ್ಲಿ ಅದಕ್ಕಿಂತ ಬಹಳ ಕಡಿಮೆ. ಬೀಜದ ಎಣ್ಣೆಯ ಮುಖ್ಯ ಅಂಶ ಕಾರ್ವೋನ್. ಪುದೀನದಲ್ಲಿರುವುದೂ ಕಾರ್ವೋನೇ, ಆದರೆ ಎರಡರ ಅಣುಗಳು ಎಡಗೈ ಬಲಗೈ ಇದ್ದಂತೆ ಒಂದಕ್ಕೊಂದು ಕನ್ನಡಿಬಿಂಬ. ನಮ್ಮ ಮೂಗು ಅವೆರಡನ್ನೂ ಬೇರೆ ಬೇರೆಯಾಗಿ ಗುರುತಿಸುತ್ತದೆ. ಈ ಜಾತಿಯ ಎಣ್ಣೆಗಳು ಕರುಳಿನ ಸ್ನಾಯುವನ್ನು ಸಡಿಲಿಸಿ ಗಾಳಿ ಹೊರಹೋಗಲು ದಾರಿ ಮಾಡುತ್ತವೆ. ಊಟದ ನಂತರ ಸೋಂಪು, ಓಮ ಅಗಿಯುವುದೂ ಇದಕ್ಕೇ. ನಿಮಗೆ ಹೊಟ್ಟೆ ಉಬ್ಬರಿಸಿದ್ದರೆ ಅರ್ಧ ಚಮಚ ಸಬ್ಬಸಿಗೆ ಬೀಜವನ್ನು ಒಂದು ಲೋಟ ನೀರಿನಲ್ಲಿ ಕುದಿಸಿ, ಸೋಸಿ ಕುಡಿಯಬಹುದು. ದಿನಕ್ಕೆ ನಾಲ್ಕೈದು ಲೋಟ ಗಟ್ಟಿ ಕಷಾಯ ಮಾತ್ರ ಬೇಡ. ಗರ್ಭಿಣಿಯರು ಸೊಪ್ಪನ್ನು ಅಡಿಗೆಯಲ್ಲಿ ತಿನ್ನಲಿ, ಬೀಜದ ಕಷಾಯದಿಂದ ದೂರವಿರಲಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಮನೆಯಲ್ಲಿದ್ದರೆ, ಯಾವ ಸೊಪ್ಪನ್ನೇ ಆಗಲಿ ಒಂದೇ ಸಲ ಹೆಚ್ಚಿಸುವ ಮುಂಚೆ ವೈದ್ಯರಿಗೆ ಹೇಳಬೇಕು. ಸಕ್ಕರೆ ಕಾಯಿಲೆ, ಕೊಲೆಸ್ಟ್ರಾಲ್ ಎಲ್ಲ ಸಬ್ಬಸಿಗೆಯಿಂದ ವಾಸಿಯಾಗುತ್ತದೆ ಎಂದು ವಾಟ್ಸಾಪಿನಲ್ಲಿ ಓಡಾಡುವುದನ್ನು ನಂಬಿ ಮಾತ್ರೆ ಬಿಡಬೇಡಿ. ಸಣ್ಣ ಸಣ್ಣ ಪ್ರಯೋಗಗಳು ನಡೆದಿವೆ, ಫಲಿತಾಂಶ ಒಂದೊಂದರಲ್ಲಿ ಒಂದೊಂದು ತರ.

ಮಗುವಿಗೆ ಬೀಜದ ನೀರು ಬೇಡವೆಂದೆ. ಕಾರಣ ಹೇಳುತ್ತೇನೆ, ಯಾಕೆಂದರೆ ಅಮ್ಮನಿಗೆ ನೀವು ಒಪ್ಪಿಸಬೇಕಲ್ಲ. ಗ್ರೈಪ್ ವಾಟರ್ ಹುಟ್ಟಿದ್ದೇ ಸಬ್ಬಸಿಗೆಯ ಎಣ್ಣೆಯಿಂದ. 1851ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ವಿಲಿಯಂ ವುಡ್‌ವರ್ಡ್ ಎಂಬ ಔಷಧ ತಯಾರಕ ಅದನ್ನು ಸಿದ್ಧಪಡಿಸಿದ. ಆ ಕಾಲದ ನೀರಿನಲ್ಲಿ ಸಬ್ಬಸಿಗೆ ಎಣ್ಣೆಯ ಜೊತೆ ಅಡಿಗೆ ಸೋಡಾ, ಸಕ್ಕರೆ, ಮದ್ಯಸಾರ ಕೂಡ ಇದ್ದವು. ಮಗು ಸುಮ್ಮನಾಗುತ್ತಿದ್ದುದರಲ್ಲಿ ಸಕ್ಕರೆ, ಮದ್ಯಸಾರದ ಪಾಲು ಎಷ್ಟು ಎಂದು ನೀವೇ ಯೋಚಿಸಿ. ಈಗ ಮದ್ಯಸಾರ ತೆಗೆದಿದ್ದಾರೆ. ಆದರೂ ಆರು ತಿಂಗಳವರೆಗೆ ಎದೆಹಾಲು ಬಿಟ್ಟು ಬೇರೇನೂ ಬೇಡ, ನೀರೂ ಬೇಡ ಎಂದೇ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು. ಮನೆಯಲ್ಲಿ ಕುದಿಸಿದ ಬೀಜದ ನೀರಿನಲ್ಲಿ ಎಣ್ಣೆ ಎಷ್ಟು ಇಳಿದಿದೆ ಎಂದು ಅಳೆಯಲಾಗದು. ಆ ಚಮಚ, ಆ ಒಳಲೆ ಎಷ್ಟು ಶುದ್ಧ ಎಂಬುದೂ ಗೊತ್ತಿರುವುದಿಲ್ಲ. ಮೂರು ವಾರದ ಕೂಸಿಗೆ ಒಂದು ಸಲ ಭೇದಿ ಹತ್ತಿದರೆ ಅದರ ಕಷ್ಟ ನೋಡಲಾಗದು. ಪುಟ್ಟ ಹೊಟ್ಟೆಗೆ ಚಮಚ ಚಮಚ ನೀರು ತುಂಬಿಸಿದರೆ ಅಷ್ಟು ಹಾಲು ಕುಡಿಯುವುದು ಕಡಿಮೆಯಾಗುತ್ತದೆ, ಆಮೇಲೆ ನಿಮಗೆ ಹಾಲೂ ಕಡಿಮೆಯಾಗುತ್ತದೆ.

ಅಳು ಮಾತ್ರ ಇನ್ನೂ ಸ್ವಲ್ಪ ಹೆಚ್ಚಬಹುದು, ಎದೆಗುಂದಬೇಡಿ. ಆರೋಗ್ಯವಾಗಿರುವ ಮಕ್ಕಳಲ್ಲೂ ಸುಮಾರು ಆರು ವಾರದ ಹೊತ್ತಿಗೆ ಅಳು ಜಾಸ್ತಿ ಇರುತ್ತದೆ, ಮೂರು ನಾಲ್ಕು ತಿಂಗಳಿಗೆ ತಾನಾಗಿ ಇಳಿಯುತ್ತದೆ. ಹಾಲು ಕುಡಿದ ಮೇಲೆ ಹೆಗಲಿಗೆ ಹಾಕಿ ಬೆನ್ನು ತಟ್ಟಿ ತೇಗಿಸಿ. ಎದೆಗೆ ಒತ್ತಿ ಹಿಡಿದು ಓಡಾಡಿ. ಈ ಕೆಲಸ ಮಗುವಿನ ಅಪ್ಪನೂ ಮಾಡಬಹುದು, ಅಜ್ಜನೂ ಮಾಡಬಹುದು.

ಈಗ ಪಥ್ಯಕ್ಕೆ ಬರೋಣ. ಸಬ್ಬಸಿಗೆ ಬಿಟ್ಟು ಬೇರೆ ಸೊಪ್ಪು ನಂಜು, ಬಾಳೆಹಣ್ಣು ಶೀತ, ಮೊಸರು ಶೀತ, ನುಗ್ಗೆಸೊಪ್ಪು ಉಷ್ಣ, ನೀರು ಕುಡಿದರೆ ಹೊಟ್ಟೆ ಬರುತ್ತದೆ: ದಾವಣಗೆರೆ ಜಿಲ್ಲೆಯ ಹಳ್ಳಿಗಳಲ್ಲಿ ಇವನ್ನು ಕೇಳಿ ಕೇಳಿ ನನಗೆ ಬಾಯಿಪಾಠವಾಗಿದೆ. ಹಿರಿಯರು ಇದನ್ನು ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ನೀರು ಕಡಿಮೆ ಕುಡಿದ, ಸೊಪ್ಪು ತರಕಾರಿ ಇಲ್ಲದ ಬಾಣಂತಿಗೆ ಮಲಬದ್ಧತೆ ಬರುತ್ತದೆ, ಹೊಲಿಗೆ ಹಾಕಿದ್ದರೆ ಆ ನೋವು ಹೇಳತೀರದು. ಬಾಯಾರಿದಾಗಲೆಲ್ಲ ನೀರು ಕುಡಿಯಿರಿ, ಬಿಸಿನೀರೇ ಬೇಕೆಂದರೆ ಬಿಸಿನೀರೇ ಆಗಲಿ. ಮೆಂತ್ಯ, ಹರಿವೆ, ಪಾಲಕ್, ನುಗ್ಗೆ, ಎಲ್ಲವೂ ನಡೆಯುತ್ತವೆ. ಅಂಗನವಾಡಿಯಲ್ಲಿ ಬಾಣಂತಿಯರಿಗೆ 2017ರಿಂದ ಮಾತೃಪೂರ್ಣ ಯೋಜನೆಯ ಬಿಸಿಯೂಟ ಇದೆ, ಅದರಲ್ಲಿ ಸೊಪ್ಪು ತರಕಾರಿ ಸಾಂಬಾರು, ಮೊಟ್ಟೆ, ಹಾಲು, ಚಿಕ್ಕಿ ಇರುತ್ತವೆ. ಸರ್ಕಾರವೇ ಕೊಡುತ್ತದೆ ಎಂದು ತೋರಿಸಿದರೆ ಕೆಲವು ಅತ್ತೆಯಂದಿರು ಒಪ್ಪಿದ್ದುಂಟು. ಜಗಳ ಬೇಡ ಎಂದರೆ ಸಬ್ಬಸಿಗೆಯಿಂದಲೇ ಶುರು ಮಾಡಿ. ಸಬ್ಬಸಿಗೆ ಪಲ್ಯಕ್ಕೆ ಒಂದು ಹಿಡಿ ಮೆಂತ್ಯಸೊಪ್ಪು ಸೇರಿಸಿ ಎಂದು ಕೇಳಿ. ನಾಲ್ಕು ದಿನ ಬಿಟ್ಟು ಹರಿವೆ ಬೆರೆಸಲಿ. ಮಗುವಿಗೆ ಏನೂ ಆಗಿಲ್ಲ ಎಂದು ಅಮ್ಮನಿಗೆ ಕಣ್ಣಾರೆ ಕಂಡಾಗ ಉಳಿದದ್ದು ಸುಲಭವಾಗುತ್ತದೆ.

ಮಾಡುವ ಬಗೆ ನಿಮ್ಮ ಅಮ್ಮನಿಗೆ ಗೊತ್ತೇ ಇರುತ್ತದೆ, ಆದರೂ ಕೆಲವು ಸೂಕ್ಷ್ಮ ಹೇಳುತ್ತೇನೆ. ನಮ್ಮಲ್ಲಿ ಗಡಿಯಾರ ಕಂಬದ ಹತ್ತಿರ ಬೆಳಿಗ್ಗೆ ಬೇಗ ಹೋದರೆ ಬೇರು ಸಮೇತ ಎಳೆ ಕಟ್ಟು ಸಿಗುತ್ತದೆ. ಛತ್ರಿಯಂತೆ ಹೂ ಬಿಟ್ಟಿದ್ದರೆ ಬಲಿತಿದೆ ಎಂದರ್ಥ, ಅದನ್ನು ಬಿಡಿ. ನೆಲಕ್ಕೆ ಹತ್ತಿರವೇ ಕವಲೊಡೆಯುವ ಗಿಡ, ಎಲೆ ದಾರದಷ್ಟು ಸಣ್ಣ, ಮಣ್ಣು ಮರಳು ಒಳಗೇ ಕೂತಿರುತ್ತದೆ. ಅಗಲ ಪಾತ್ರೆಯಲ್ಲಿ ನೀರು ತುಂಬಿ ಸೊಪ್ಪು ಮುಳುಗಿಸಿ, ಮೇಲಿನಿಂದ ಎತ್ತಿಕೊಳ್ಳಬೇಕು. ನೀರನ್ನು ಸೊಪ್ಪಿನ ಸಮೇತ ಬಗ್ಗಿಸಿದರೆ ಕೆಳಗಿಳಿದ ಮರಳು ಮತ್ತೆ ಸೊಪ್ಪಿಗೇ ಹತ್ತುತ್ತದೆ. ಮೂರು ನೀರು ಬದಲಾಯಿಸಿ. ಆಮೇಲೆ ಹೆಚ್ಚಿ, ಹೆಚ್ಚಿದ ಮೇಲೆ ತೊಳೆಯಬೇಡಿ.

ಹೆಸರುಬೇಳೆ ಅರ್ಧ ಗಂಟೆ ನೆನೆಸಿ. ತುಪ್ಪದಲ್ಲಿ ಜೀರಿಗೆ, ಜಜ್ಜಿದ ಬೆಳ್ಳುಳ್ಳಿ ಒಗ್ಗರಣೆ ಹಾಕಿ, ಬೇಳೆಗೆ ಸ್ವಲ್ಪ ನೀರು ಬಿಟ್ಟು ಬೇಯಿಸಿ. ಹಿಸುಕಿದರೆ ಮುರಿಯುವಷ್ಟು ಬೆಂದಾಗ ಸೊಪ್ಪು ಹಾಕಿ ಐದು ನಿಮಿಷ ಸಾಕು. ಮೊದಲೇ ಹಾಕಿದರೆ ವಾಸನೆಯೆಲ್ಲ ಆವಿಯಲ್ಲಿ ಹೋಗುತ್ತದೆ. ಖಾರಕ್ಕೆ ಕಾಳುಮೆಣಸಿನ ಪುಡಿ. ಬಿಸಿ ಜೋಳದ ರೊಟ್ಟಿಗೆ ಇದಕ್ಕಿಂತ ಒಳ್ಳೆಯ ಜೊತೆ ನನಗೆ ಗೊತ್ತಿಲ್ಲ. ನಿಮ್ಮ ದುರ್ಗದ ಕಡೆ ಮುದ್ದೆ ಹೆಚ್ಚಲ್ಲವೇ? ತೊಗರಿಬೇಳೆ ಹಾಕಿ ಸಬ್ಬಸಿಗೆ ಸಾರು ಮಾಡಿಸಿಕೊಂಡು ರಾಗಿಮುದ್ದೆಯ ಜೊತೆ ಉಣ್ಣಿ. ನೂರು ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇರುತ್ತದೆ, ಹಾಲು ಕೊಡುವ ತಾಯಿಗೆ ಅದು ಬೇಕೇ ಬೇಕು. ತೆಗೆದಿಟ್ಟ ಕಾಂಡಗಳನ್ನು ಸಾರಿನಲ್ಲಿ ಕುದಿಸಿ ಆಮೇಲೆ ಎತ್ತಿಹಾಕಬಹುದು, ಘಮ ಅದರಲ್ಲೂ ಇರುತ್ತದೆ.

ಒಂದು ವಿಷಯಕ್ಕೆ ಮಾತ್ರ ಮನೆಮದ್ದು, ಪಥ್ಯ ಎಂದು ಕಾಯಬೇಡಿ. ಮಗು ಹಾಲು ಬಿಟ್ಟರೆ, ಮೈ ಬಿಸಿಯಾದರೆ ಅಥವಾ ತಣ್ಣಗಾದರೆ, ಹಸಿರು ಬಣ್ಣದ ವಾಂತಿಯಾದರೆ, ಮಲದಲ್ಲಿ ರಕ್ತ ಕಂಡರೆ, ಎಬ್ಬಿಸಿದರೂ ಏಳದಷ್ಟು ಮಂಕಾದರೆ ರಾತ್ರಿ ಎಷ್ಟೇ ಹೊತ್ತಾಗಿರಲಿ ಆಸ್ಪತ್ರೆಗೆ ಹೊರಡಿ, 108ಕ್ಕೆ ಫೋನ್ ಮಾಡಿ. ನಿಮಗೇ ಜ್ವರ ಬಂದರೆ, ರಕ್ತಸ್ರಾವ ಮತ್ತೆ ಜಾಸ್ತಿಯಾದರೆ, ಎದೆ ಕೆಂಪಾಗಿ ಗಟ್ಟಿಯಾದರೂ ಹಾಗೆಯೇ ಮಾಡಿ. ಮಗುವಿನ ತೂಕ ಎಷ್ಟು ಬಂತೆಂದು ಇಲ್ಲೇ ಬರೆಯಿರಿ, ನೋಡಿ ಹೇಳುತ್ತೇನೆ.