ನ್ಯೂಟ್ ಎಂಬ ಪ್ರಾಣಿಯನ್ನು ಬಕೆಟ್‌ನಲ್ಲಿ ಎತ್ತಿ ಆಚೆ ಬಿಡಬಹುದೇ?

ಪ್ರಶ್ನೆ: ಇಂಗ್ಲೆಂಡಿನ ಒಂದು ಬಡಾವಣೆ ಕಾಮಗಾರಿಯಲ್ಲಿ ನಾನು ಎಂಜಿನಿಯರ್. ಹಳೇ ಕಲ್ಲುರಾಶಿ ತೆಗೆಯುವಾಗ ಗ್ರೇಟ್ ಕ್ರೆಸ್ಟೆಡ್ ನ್ಯೂಟ್ (ನೋಡಲು ಹಲ್ಲಿಯಂತಿರುವ ಉಭಯವಾಸಿ) ಒಂದು ಸಿಕ್ಕಿತು. ‘ಬಕೆಟ್‌ಗೆ ಹಾಕಿ ಪಕ್ಕದ ಹೊಲದಲ್ಲಿ ಬಿಟ್ಟು ಬಾ’ ಅಂತಾರೆ ಮೇಲಿನವರು. ಹತ್ತಿರದಲ್ಲಿ ಕೊಳವೂ ಇಲ್ಲ. ಏನು ಮಾಡಲಿ?

ಉತ್ತರ: ದಯವಿಟ್ಟು ಹಿಡಿಯಬೇಡಿ. ಆ ಮೂಲೆಯ ಕೆಲಸ ಈಗಲೇ ನಿಲ್ಲಿಸಿ. ಲೈಸೆನ್ಸ್ ಇಲ್ಲದೆ ಅದನ್ನು ಹಿಡಿಯುವುದೇ ಅಪರಾಧ. ಆರು ತಿಂಗಳವರೆಗೆ ಜೈಲು, ದಂಡಕ್ಕೆ ಮಿತಿಯಿಲ್ಲ. ಕಂಪನಿಗೆ ಮಾತ್ರ ಅಲ್ಲ, ಬಕೆಟ್ ಹಿಡಿದವರಿಗೂ.

ಕೊಳ ಇಲ್ಲ ಅಂದಿರಿ. ನ್ಯೂಟ್ ನೀರಿಗೆ ಇಳಿಯುವುದು ವಸಂತದಲ್ಲಿ, ಮೊಟ್ಟೆ ಇಡಲು. ವರ್ಷದ ಉಳಿದ ಹೆಚ್ಚಿನ ಕಾಲ ನೆಲದ ಮೇಲೇ ಇರುತ್ತದೆ. ಕೊಳದಿಂದ 500 ಮೀಟರ್ ದೂರದವರೆಗೂ ಹೋಗುತ್ತದೆ. ನಿಮ್ಮ ಕಲ್ಲುರಾಶಿ ಅದರ ಮನೆ. ವನ್ಯಜೀವಿ ರಕ್ಷಣೆಯ 2017ರ ನಿಯಮಗಳು ಪ್ರಾಣಿಯ ಜೊತೆಗೆ ಅದು ಮರಿ ಮಾಡುವ, ತಂಗುವ ಜಾಗವನ್ನೂ ಕಾಯುತ್ತವೆ. ಹಾಗಾಗಿ ನ್ಯೂಟನ್ನು ಆಚೆ ಬಿಟ್ಟು ರಾಶಿ ಕೆಡವಿದರೂ ತಪ್ಪು ತಪ್ಪೇ.

ಸ್ಯಾಂಡ್ ಲಿಜರ್ಡ್ ಎಂಬ ಹಲ್ಲಿ, ಸ್ಮೂತ್ ಸ್ನೇಕ್ ಎಂಬ ಹಾವು, ನ್ಯಾಟರ್‌ಜ್ಯಾಕ್ ಕಪ್ಪೆ ಇವಕ್ಕೂ ನ್ಯೂಟ್‌ನಷ್ಟೇ ರಕ್ಷಣೆ ಇದೆ. ಆ್ಯಡರ್ ಹಾವು, ಕಾಲಿಲ್ಲದ ಹಲ್ಲಿಯಾದ ಸ್ಲೋ ವರ್ಮ್ ಇವಕ್ಕೆ ಕಡಿಮೆ. 1981ರ ವನ್ಯಜೀವಿ ಕಾಯ್ದೆ ಅವನ್ನು ಬೇಕಂತಲೇ ಕೊಲ್ಲಬಾರದು, ಗಾಯ ಮಾಡಬಾರದು ಅನ್ನುತ್ತದೆ, ಆದರೆ ಅವು ಇರುವ ಜಾಗಕ್ಕೆ ರಕ್ಷಣೆ ಕೊಡುವುದಿಲ್ಲ. ನನಗೆ ಇದು ನುಂಗಲಾರದ ವಿಷಯ. ನಾನು ಸೈಟುಗಳಲ್ಲಿ ಇಂಥ ಪ್ರಾಣಿಗಳ ಸರ್ವೆ ಮಾಡುವ ಕೆಲಸದವಳು. ಒಂದು ಸೈಟಿನಲ್ಲಿ ಸ್ಲೋ ವರ್ಮ್ ನೋಡಲೆಂದು ಹುಲ್ಲಿನ ಮೇಲೆ ಕಪ್ಪು ಶೀಟ್ ಹಾಸಿದ್ದೆವು. ಬಿಸಿಲಿಗೆ ಶೀಟ್ ಕಾದರೆ ಅಡಿಗೆ ಬಂದು ಮಲಗುತ್ತವೆ. ಬೆಳಿಗ್ಗೆ ಹೋದರೆ ಶೀಟೂ ಇಲ್ಲ, ಹುಲ್ಲೂ ಇಲ್ಲ, ರಾತ್ರೋರಾತ್ರಿ ಸವರಿದ್ದರು. ಮಣ್ಣಿನಲ್ಲಿ ತುಂಡಾದ ಹನ್ನೊಂದು ಸ್ಲೋ ವರ್ಮ್ ಎಣಿಸಿದೆ. ಇವೆ ಅಂತ ಗೊತ್ತಿದ್ದೂ ಯಂತ್ರ ಓಡಿಸಿದರೆ ಅದು ಆಕಸ್ಮಿಕ ಅಲ್ಲ, ಅಲ್ವಾ?

ಈಗ ನಿಮ್ಮ ಕೆಲಸ. ಅದನ್ನು ಮುಟ್ಟದೆ ದೂರದಿಂದ ಫೋಟೋ ತೆಗೆಯಿರಿ. ಆ ಜಾಗಕ್ಕೆ ಯಾರೂ ಹೋಗದಂತೆ ಹಗ್ಗ ಕಟ್ಟಿ. ಲೈಸೆನ್ಸ್ ಇರುವ ಪರಿಸರ ತಜ್ಞರನ್ನು ಕರೆಸಿ. ಕಾಮಗಾರಿಗೆ ಲೈಸೆನ್ಸ್ ಕೊಡುವುದು ನ್ಯಾಚುರಲ್ ಇಂಗ್ಲೆಂಡ್ ಎಂಬ ಸರ್ಕಾರಿ ಸಂಸ್ಥೆ. ಬೇರೆ ದಾರಿ ಇಲ್ಲ, ನ್ಯೂಟ್ ಸಂತತಿಗೆ ಪೆಟ್ಟಾಗಲ್ಲ ಅಂತ ತೋರಿಸಬೇಕಾಗುತ್ತದೆ. ಹಲವು ಕಡೆ, ಬೇರೆ ಜಾಗದಲ್ಲಿ ಹೊಸ ಕೊಳ ಮಾಡಲು ಹಣ ಕಟ್ಟಿ ಅನುಮತಿ ಪಡೆಯುವ ವ್ಯವಸ್ಥೆಯೂ ಇದೆ. ಕೊಳದ ಸರ್ವೆಯೇ ಬೇಕಾದರೆ ಮಾರ್ಚ್ ಮಧ್ಯದಿಂದ ಜೂನ್ ಮಧ್ಯದೊಳಗೆ ಆಗಬೇಕು. ಇದನ್ನು ಮೇಲಿನವರಿಗೆ ಬಾಯಲ್ಲಿ ಹೇಳಬೇಡಿ. ಇವತ್ತೇ ಇ-ಮೇಲ್ ಮಾಡಿ, ಫೋಟೋ ಲಗತ್ತಿಸಿ.