ಜೂನ್‌ವರೆಗೆ ಕಾಯೋಕೆ ಏನು ಕಷ್ಟ?

ಆಪ್ತಸಮಾಲೋಚನೆಗೆ ನನ್ನ ಬಳಿ ಬಂದ ಒಬ್ಬ ಹುಡುಗನ ಕಥೆ ಇದು. ಗುರುತು ಸಿಗದ ಹಾಗೆ ವಿವರಗಳನ್ನು ಬದಲಾಯಿಸಿದ್ದೇನೆ, ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹಿಡಿದ ಕನಸನ್ನು ಮುಗಿಸಲಾಗದ ಸಂಕಟ ಹೊತ್ತು ಬರುವವರು ಜಾಸ್ತಿಯಾಗಿದ್ದಾರೆ. ಒಬ್ಬರದು ಕಾದಂಬರಿ, ಇನ್ನೊಬ್ಬರದು ಹೋಂಸ್ಟೇ. ಇವನದು ಸಿನಿಮಾ.

ವಯಸ್ಸು 26. ಮಡಿಕೇರಿ ಹತ್ತಿರದ ಸಣ್ಣ ಕಾಫಿ ತೋಟದ ಮನೆ. ಬೆಂಗಳೂರಿನ ಕೆಲಸ ಬಿಟ್ಟು ಬಂದು ಮೊದಲ ಕಿರುಚಿತ್ರ ಶುರು ಮಾಡಿದ್ದ. ಸೈನ್ಸ್ ಫಿಕ್ಷನ್. ಮಳೆಯೇ ನಿಂತುಹೋದ ಮುಂದಿನ ಕಾಲದ ಕೊಡಗು, ಹಳೆಯ ಮಳೆಯ ಸದ್ದನ್ನು ಕೂಡಿಟ್ಟಿರುವ ಒಂದು ಯಂತ್ರ, ಅದನ್ನು ಕಾಯುವ ಅಜ್ಜಿ. ಕೇಳಿಯೇ ನನಗೆ ಮೈ ಜುಮ್ಮೆಂದಿತು. ಆದರೆ ಅವನಿಗೆ ನಿದ್ದೆ ಇರಲಿಲ್ಲ. ಒಂದೂವರೆ ವರ್ಷದಲ್ಲಿ ಸ್ಕ್ರಿಪ್ಟ್ ಒಂಬತ್ತು ಸಲ ಬದಲಾಗಿತ್ತು, ಕ್ಯಾಮೆರಾ ಹಿಡಿಯುತ್ತಿದ್ದ ಗೆಳೆಯ ಮಾತು ಬಿಟ್ಟಿದ್ದ, ಅಮ್ಮನಿಗೆ ಹೇಳದೆ ಅವರ ಒಡವೆ ಅಡವಿಟ್ಟಿದ್ದ.

ಮೂರನೇ ಭೇಟಿ ಫೆಬ್ರವರಿಯಲ್ಲಿ. ಅವತ್ತು ಸಿಟ್ಟಿನಲ್ಲೇ ಬಂದ. ಕೊನೆಯ ದೃಶ್ಯಕ್ಕೆ ಮಳೆ ಬೇಕು, ಮಾವನ ತೋಟದ ಸ್ಪ್ರಿಂಕ್ಲರ್ ಕೇಳಿದರೆ ಕೊಡಲಿಲ್ಲವಂತೆ. ಮಾವ ಮಾಡಿದ್ದು ಸರಿಯೇ. ಮೊಗ್ಗು ಬಲಿಯುವ ಮೊದಲೇ ನೀರು ಬಿದ್ದರೆ ಹೂವು ಸರಿಯಾಗಿ ಅರಳುವುದಿಲ್ಲ. ನೀರು ಬಿದ್ದ ಎಂಟು-ಹತ್ತು ದಿನಕ್ಕೆ ಹೂವು, ಆ ಹೂವಿನ ಮೇಲೆ ಮುಂದಿನ ಫಸಲು ನಿಂತಿರುತ್ತದೆ. ಇದು ತೋಟದ ಮನೆಯ ಹುಡುಗನಿಗೆ ಗೊತ್ತಿಲ್ಲದ ವಿಷಯ ಅಲ್ಲ. ಆದರೂ "ಅವರಿಗೆ ಸಿನಿಮಾ ಅರ್ಥ ಆಗಲ್ಲ ಮೇಡಂ" ಅಂದ. ಟ್ಯಾಂಕರ್ ನೀರು, ಪಂಪು, ಬೆಂಗಳೂರಿನಿಂದ ಮಳೆ ಹೊಡೆಸುವ ಜನ, ಇಷ್ಟೂ ತರಿಸಲು ಅಮ್ಮನ ಉಳಿದ ಬಳೆಗಳನ್ನೂ ಅಡವಿಡುವ ಯೋಚನೆ ಮಾಡಿದ್ದ.

"ಜೂನ್ ಬಂದರೆ ಬೇಡ ಅಂದರೂ ಸುರಿಯುತ್ತೆ ಅಲ್ವಾ? ಕಾಯೋಕೆ ಏನು ಕಷ್ಟ?" ಅಂತ ಕೇಳಿದೆ.

ತುಂಬ ಹೊತ್ತು ಮಾತಾಡಲಿಲ್ಲ. ನಾನೂ ಸುಮ್ಮನೆ ಕೂತೆ. ಆಮೇಲೆ ನೆಲ ನೋಡುತ್ತಾ ಹೇಳಿದ: "ಮಳೆ ಬಂದರೆ ಶೂಟ್ ಮಾಡಲೇಬೇಕಾಗುತ್ತೆ. ಮಾಡಿದರೆ ಮುಗಿದುಹೋಗುತ್ತೆ. ಮುಗಿದರೆ ತೋರಿಸಬೇಕಲ್ಲ ಮೇಡಂ."

ಟ್ಯಾಂಕರ್ ಮಳೆಗೆ ದುಡ್ಡು ಯಾವತ್ತೂ ಸಾಲುವುದಿಲ್ಲ. ಹಾಗಾಗಿ ನಿಲ್ಲಿಸಲು ಒಂದು ಕಾರಣ ಯಾವಾಗಲೂ ಕೈಯಲ್ಲೇ ಇರುತ್ತದೆ. ಇದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ, ಅವನಿಗೇ ಹೊಳೆದಿತ್ತು, ಅಳುತ್ತಿದ್ದ.

ನಾನು ಕೊಟ್ಟ ಸಲಹೆ ಇಷ್ಟು. ಆ ವಾರವೇ ಅಮ್ಮನಿಗೆ ಒಡವೆ ವಿಷಯ ಹೇಳಬೇಕು. ಇನ್ನು ಒಂದು ರೂಪಾಯಿ ಸಾಲ ಬೇಡ. ಸ್ಕ್ರಿಪ್ಟ್ ಇವತ್ತಿಗೆ ಹೇಗಿದೆಯೋ ಹಾಗೇ ಇರಲಿ. ಕೈಗೆ ಸಿಗುವ ಜನ, ಸಿಗುವ ಜಾಗ ಇಟ್ಟುಕೊಂಡು ತೆಗೆಯಬೇಕು, ತೆಗೆದ ಎರಡು ನಿಮಿಷವನ್ನಾದರೂ ಪ್ರತಿ ಭಾನುವಾರ ಮನೆಯವರಿಗೆ ತೋರಿಸಬೇಕು, ಎಷ್ಟೇ ಒರಟಾಗಿರಲಿ. ನಿದ್ದೆಗಾಗಿ ಮನೋವೈದ್ಯರನ್ನು ನೋಡಲು ಕಳಿಸಿದೆ. ಕ್ರಿಸ್ ಮಾರ್ಕರ್ ಎಂಬ ಫ್ರೆಂಚ್ ನಿರ್ದೇಶಕ 1962ರಲ್ಲಿ ಮಾಡಿದ 'ಲಾ ಜೆಟೆ' 28 ನಿಮಿಷದ ಸೈನ್ಸ್ ಫಿಕ್ಷನ್, ಹೆಚ್ಚುಕಮ್ಮಿ ಪೂರ್ತಿ ಸ್ಥಿರ ಫೋಟೋಗಳಲ್ಲೇ ಇದೆ ಅಂತ ಮೊದಲ ದಿನ ಕಣ್ಣರಳಿಸಿ ಹೇಳಿದ್ದವನೇ ಅವನು. ಅದನ್ನೇ ನೆನಪಿಸಿದೆ.

"ವಾಪಸ್ ಕೆಲಸಕ್ಕೆ ಹೋಗು ಅನ್ನಬೇಕಿತ್ತು" ಅಂದರು ನನ್ನ ಜೊತೆಯವರೊಬ್ಬರು. ನಾನು ಒಪ್ಪುವುದಿಲ್ಲ. ಆಸೆ ಚಿವುಟುವುದು ನನ್ನ ಕೆಲಸ ಅಲ್ಲ. ಹಾಗಂತ ಕನಸು ಕನಸು ಅಂತ ಒಬ್ಬ ತಾಯಿಯ ಬಳೆ ಹೋಗುವುದನ್ನು ನೋಡಿಕೊಂಡು ಕೂರುವುದೂ ಆಗದು. ಇಂಥ ಮಕ್ಕಳು ಮನೆಯಲ್ಲಿದ್ದರೆ "ಇದರಿಂದ ದುಡ್ಡು ಬರುತ್ತಾ" ಅಂತ ದಿನಾ ಕೇಳಬೇಡಿ. "ಇವತ್ತು ಏನು ಮಾಡಿದೆ, ತೋರಿಸು" ಅನ್ನಿ. ಅರ್ಧಂಬರ್ಧ ಇದ್ದರೂ ಕೂತು ನೋಡಿ. ಅರೆಬೆಂದದ್ದನ್ನು ತೋರಿಸಿ ಅಭ್ಯಾಸ ಆದವರಿಗೆ ಮುಗಿಸುವ ಭಯ ಕಡಿಮೆಯಾಗುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಅಮ್ಮ ಒಂದು ತಿಂಗಳು ಅವನ ಜೊತೆ ಮಾತಾಡಲಿಲ್ಲ. ಆ ತಿಂಗಳು ನನಗೂ ನೆಮ್ಮದಿ ಇರಲಿಲ್ಲ, ಆತುರಪಟ್ಟೆನಾ ಅನ್ನಿಸುತ್ತಿತ್ತು. ಐದನೇ ಭಾನುವಾರ ಅವರೇ ಬಂದು ಪಕ್ಕ ಕೂತು ನೋಡಿದರಂತೆ. ಮಳೆಯ ದೃಶ್ಯವನ್ನು ಜೂನ್ ಕೊನೆಯಲ್ಲಿ ಮನೆ ಅಂಗಳದಲ್ಲೇ ತೆಗೆದ, ಕ್ಯಾಮೆರಾ ನೆನೆಯದ ಹಾಗೆ ಕೊಡೆ ಹಿಡಿದವರು ಮಾವ. ಸಿನಿಮಾ 11 ನಿಮಿಷ ಆಗಿದೆ. ಒಡವೆ ಇನ್ನೂ ಬಿಡಿಸಿಲ್ಲ. ಮದುವೆ ವಿಡಿಯೊ ಎಡಿಟ್ ಮಾಡಿ ತಿಂಗಳ ಬಡ್ಡಿ ಕಟ್ಟುತ್ತಿದ್ದಾನೆ.